ಮಹಾಪ್ರಬಂಧದ ಮೊದಲ ಓದುಗ

ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಒಂದು ಪಿಎಚ್.ಡಿ. ಮಹಾಪ್ರಬಂಧವಿತ್ತು. ಅದಕ್ಕೆ ಕೆಂಪು ರಟ್ಟು, ಚಿನ್ನದ ಅಕ್ಷರ, ಕಾವಲಿಗೆ ಪಕ್ಕದಲ್ಲೊಂದು ಡಾಂಬರು ಗುಳಿಗೆ. ಒಂದು ದಿನ ಕಾಗದ ತಿನ್ನುವ ಹುಳುವೊಂದು ಅದರ ಹಾಳೆಗಳ ನಡುವಿನಿಂದ ತಲೆ ಹೊರಹಾಕಿತು.

"ಎಲವೋ ಹುಳುವೇ, ನಾನು ಯಾರೆಂದು ಬಲ್ಲೆಯಾ?" ಎಂದು ಪ್ರಬಂಧ ಗುಡುಗಿತು. "ಏಳು ವರ್ಷದ ಸಂಶೋಧನೆ. ಮೂವರು ಪರೀಕ್ಷಕರ ಕೈ ದಾಟಿ ಬಂದ ಕೃತಿ. ಗುಳಿಗೆಯೇ, ಇದನ್ನು ಮುಗಿಸು."

ಹುಳು ಮೀಸೆ ತಗ್ಗಿಸಿತು. "ಸ್ವಾಮಿ, ಪರೀಕ್ಷಕರ ಬೆರಳ ಗುರುತು ಮುನ್ನುಡಿಯಲ್ಲಿದೆ, ಉಪಸಂಹಾರದಲ್ಲಿದೆ. ನಡುವಿನ ಮುನ್ನೂರು ಪುಟ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಬಿಡಿಸಿದವನು ನಾನೇ. ನಾಲ್ಕನೇ ಅಧ್ಯಾಯ ಮುಗಿಸಿ ಈಗಷ್ಟೇ ಐದಕ್ಕೆ ಬಂದೆ."

ಪ್ರಬಂಧ ತಗ್ಗಿದ ದನಿಯಲ್ಲಿ ಕೇಳಿತು: "ನಾಲ್ಕನೆಯದು ಹೇಗನ್ನಿಸಿತು?"

"ಅಡಿಟಿಪ್ಪಣಿ ಸ್ವಲ್ಪ ಹೆಚ್ಚಾಯಿತು. ಆದರೆ ವಾದ ಗಟ್ಟಿಯಾಗಿದೆ. ಅಗಿಯಲು ಎರಡು ದಿನ ಹಿಡಿಯಿತು."

ಅಷ್ಟರಲ್ಲಿ ಗುಳಿಗೆ ಉರುಳುತ್ತಾ ಹತ್ತಿರ ಬಂದಿತ್ತು. "ಮುಗಿಸಲೇ?"

"ಸ್ವಲ್ಪ ಆಚೆ ಸರಿಯಯ್ಯಾ," ಎಂದಿತು ಪ್ರಬಂಧ. "ಓದುಗರು ಬಂದಿದ್ದಾರೆ, ಕಾಣುವುದಿಲ್ಲವೇ? ಹುಳುರಾಯರೇ, ಐದನೇ ಅಧ್ಯಾಯ ಸಾವಕಾಶವಾಗಿ ಆಗಲಿ."