ಚಹಾಪುಡಿಯ ಹುಲಿ

ಕೃಷ್ಣೆಯ ದಂಡೆಯಲ್ಲಿ ಒಂದು ಮಠ. ಮಠದಲ್ಲಿ ಮರುಳಜ್ಜ. ಮರುಳಜ್ಜನ ಬೆನ್ನ ಹಿಂದೆ ಶಿಷ್ಯ ಕಾಡಪ್ಪ.

ಬಂದ ದಿನದಿಂದ ಕಾಡಪ್ಪ ಅಜ್ಜನ ಬಟ್ಟೆ ಒಗೆದಿದ್ದ, ದಾಸೋಹದ ಒಲೆ ಹಚ್ಚಿದ್ದ, ಅಜ್ಜ ಹೇಳಿದ್ದೆಲ್ಲ ಬಾಯಿಪಾಠ ಮಾಡಿದ್ದ. ಆದರೂ ಒಳಗೊಂದು ಕೊರಗು ಇತ್ತು. ಅಜ್ಜ ಎಲ್ಲ ಕಲಿಸಿದ್ದಾರೆ, ಕೊನೆಯ ಒಂದು ಮಾತನ್ನು ಮಾತ್ರ ಬಾಕಿ ಇಟ್ಟುಕೊಂಡಿದ್ದಾರೆ. ಅವರು ಮೆಚ್ಚುವಂಥ ಕೆಲಸ ಒಂದನ್ನು ಮಾಡಿ ತೋರಿಸಿದರೆ ಅದೂ ಸಿಗುತ್ತದೆ. ಹಾಗೆಂದು ಅವನು ನಂಬಿದ್ದ.

ಆ ವರ್ಷ ಅಜ್ಜ ಊರೂರು ಸಂಚಾರ ಹೊರಟರು. ದಾಸೋಹದ ಮನೆಯ ಚಾವಣಿ ಸೋರುತ್ತದೆ, ಏನಾದರೂ ನೋಡು ಎಂದು ಹೇಳಿ ಹೋದರು.

ತಿರುಗಿ ಬಂದಾಗ ಅರ್ಧ ಚಾವಣಿಯ ಮೇಲೆ ಹೊಸ ತಗಡು ಹೊಳೆಯುತ್ತಿತ್ತು. ಮಠದ ಬಾಗಿಲಿಂದ ಹೊಳೆಯ ಮೆಟ್ಟಿಲ ತನಕ ಜನ ಸಾಲುಗಟ್ಟಿದ್ದರು. ಕಾಡಪ್ಪ ಎದೆಯುಬ್ಬಿಸಿ ಎದುರು ಬಂದ.

ಅಜ್ಜ ಚಾವಣಿ ನೋಡಲಿಲ್ಲ. ನೆಲ ನೋಡಿದರು. ಹರಿದ ಪೊಟ್ಟಣಗಳು, ಚೆಲ್ಲಿದ ವಿಭೂತಿ. ಜನ ಅದನ್ನು ತುಳಿದುಕೊಂಡೇ ನಿಂತಿದ್ದರು.

"ಹಣಿಗೆ ಹಚ್ಚೋದು ಕಾಲಾಗ ಯಾಕ ಬಿತ್ತೋ?"

ಕಾಡಪ್ಪ ಅಳುಕದೆ ಹೇಳಿದ. ವಿಭೂತಿಯ ಒಂದೊಂದು ಪೊಟ್ಟಣದಲ್ಲೂ ಅಜ್ಜನ ಒಂದು ಚಿತ್ರ ಇಟ್ಟು ಮಾರುತ್ತಿದ್ದಾನೆ. ಒಲೆಯ ಮುಂದೆ ಕೂತ ಅಜ್ಜ, ಕರುವಿನ ಕೊರಳು ತುರಿಸುವ ಅಜ್ಜ, ದೋಣಿಯಲ್ಲಿ ಹೊಳೆ ದಾಟುವ ಅಜ್ಜ, ಹೀಗೆ. ಎಲ್ಲ ಚಿತ್ರ ಕೂಡಿಸಿ ತಂದವರ ತಲೆಯ ಮೇಲೆ ಅಜ್ಜ ಕೈ ಇಡುತ್ತಾರೆಂದು ಸುತ್ತಲಿನ ಹಳ್ಳಿಗಳಲ್ಲಿ ಡಂಗುರ ಸಾರಿಸಿದ್ದಾನೆ. ಜನ ಮುಗಿಬಿದ್ದಿದ್ದಾರೆ.

"ಈ ವಿದ್ಯಾ ಯಾರ ಕಡೆ ಕಲತಿ? ನಾ ಅಂತೂ ಕಲಿಸಿಲ್ಲ."

"ಚಹಾಪುಡಿ ಕಂಪನಿಯವರ ಕಡೆ, ಅಜ್ಜಾರ."

ಅಜ್ಜ ಮೆಟ್ಟಿಲ ಮೇಲೆ ಕೂತರು. ಕಾಡಪ್ಪ ನಿಂತೇ ತನ್ನ ಬಾಲ್ಯ ಹೇಳಿದ.

ಆಗ ಚಹಾಪುಡಿಯ ಪೊಟ್ಟಣದಲ್ಲಿ ಪ್ರಾಣಿಯ ಚಿತ್ರ ಬರುತ್ತಿತ್ತು. ಅಂಟಿಸಲು ಕಂಪನಿಯೇ ಒಂದು ಪುಸ್ತಕ ಕೊಟ್ಟಿತ್ತು. ತುಂಬಿಸಿದವರಿಗೆ ಸೈಕಲ್. ಓಣಿಯ ಮಕ್ಕಳಿಗೆಲ್ಲ ಅದೇ ಧ್ಯಾನ. ಎರಡು ಜಿಂಕೆ ಕೊಟ್ಟು ಒಂದು ಮೊಸಳೆ ತರುತ್ತಿದ್ದರು. ಚಿತ್ರಗಳಿಗೆ ಚಹಾದ ವಾಸನೆ, ಅವನ್ನು ಹಿಡಿದ ಬೆರಳುಗಳಿಗೂ ಅದೇ ವಾಸನೆ. ಅಂಗಡಿಯವನು ಪೊಟ್ಟಣ ಕೊಟ್ಟ ಕೂಡಲೇ ಬೀದಿಯಲ್ಲೇ ಹಲ್ಲಿನಿಂದ ಹರಿಯುತ್ತಿದ್ದರು. ಅರ್ಧ ಪುಡಿ ಮಣ್ಣುಪಾಲು. ಮಜ್ಜಿಗೆ ಕುಡಿಯುತ್ತಿದ್ದ ಮನೆ ಚಹಾಕ್ಕೆ ಬಿತ್ತು. ತೊಟ್ಟಿಲ ಕೂಸಿನ ಬಾಯಿಗೂ ಚಹಾ ಹೋಯಿತು.

ಮಾರುವವನು ಯಾರ ಮನೆಗೂ ಬರಲಿಲ್ಲ. ಮಕ್ಕಳನ್ನು ಛೂ ಬಿಟ್ಟ. ತಾಯಿಯ ಸೆರಗು ಎಳೆಯಲು ಅವಳ ಮಕ್ಕಳಿಗಿಂತ ಅಗ್ಗದ ಆಳು ಎಲ್ಲಿ ಸಿಗುತ್ತದೆ?

ಎಲ್ಲ ಸಿಕ್ಕಿತು, ಹುಲಿ ಸಿಗಲಿಲ್ಲ. ಯಾರಿಗೂ ಸಿಗಲಿಲ್ಲ. ದೊಡ್ಡವನಾದ ಮೇಲೆ, ಆ ಚಿತ್ರಗಳ ಅಚ್ಚಿನ ಮನೆಯಲ್ಲಿ ದುಡಿದಿದ್ದ ಒಬ್ಬ ಮುದುಕ ಕಾಡಪ್ಪನಿಗೆ ಗುಟ್ಟು ಬಿಚ್ಚಿದ್ದ. ಹುಲಿಯನ್ನು ಬೇಕೆಂದೇ ಬೆರಳೆಣಿಕೆಯಷ್ಟು ಅಚ್ಚು ಹಾಕುತ್ತಿದ್ದರಂತೆ.

"ಎಂಥಾ ತಲಿ ನೋಡ್ರಿ ಅಜ್ಜಾರ," ಎಂದ ಕಾಡಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮೆಚ್ಚುಗೆ ಇತ್ತು.

"ಹಂಗಾರ ನಿನ್ನ ಆಟದಾಗ ಹುಲಿ ಯಾವುದು?"

ಕಾಡಪ್ಪ ಬಗ್ಗಿ ದನಿ ತಗ್ಗಿಸಿದ.

"ದೋಣಿ. ಒಂದೂ ಹೊರಗ ಬಿಟ್ಟಿಲ್ಲ. ಕಟ್ಟು ನನ್ನ ಪೆಟ್ಟಿಗ್ಯಾಗ ಐತಿ. ಉಳಿದ ಅರ್ಧಕ್ಕ ತಗಡು ಬಂದ ಮ್ಯಾಲೆ ಬಿಡತೀನಿ."

ಅಜ್ಜ ಬೈಯಲಿಲ್ಲ. ಆ ಹಳೆಯ ಪುಸ್ತಕ ಇನ್ನೂ ಇದೆಯೇ ಎಂದು ಕೇಳಿದರು. ಇತ್ತು, ಅದೇ ಪೆಟ್ಟಿಗೆಯಲ್ಲಿ. ಕಾಡಪ್ಪ ಓಡಿ ಹೋಗಿ ತಂದ.

ಅಜ್ಜ ಅದನ್ನು ತೆರೆಯಲಿಲ್ಲ. ತೊಡೆಯ ಮೇಲಿಟ್ಟು ಅಂಗೈಯಿಂದ ಮುಚ್ಚಿದರು.

"ಇದರಾಗ ಏನೇನು ಅದಾವ, ಹೇಳು."

"ಜಿಂಕಿ. ಮೊಸಳಿ."

"ಮತ್ತ?"

ಕಾಡಪ್ಪ ಹುಬ್ಬು ಗಂಟಿಕ್ಕಿದ. ಊಟ ಬಿಟ್ಟು ಕೂಡಿಸಿದ ಚಿತ್ರಗಳು. ದಿಂಬಿನ ಅಡಿ ಇಟ್ಟು ಮಲಗಿದ ಪುಸ್ತಕ. ಮತ್ತೊಂದೂ ಕಣ್ಣ ಮುಂದೆ ಬರಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಹುಲಿ."

"ಅದು ಇಲ್ಲೇ ಇಲ್ಲಲ್ಲೋ."

ಅಜ್ಜ ಪುಟ ತಿರುವಿದರು. ಬಾಯಲ್ಲಿ ಮೀನು ಕಚ್ಚಿದ ನೀರುನಾಯಿ. ಉಂಡೆಯಾಗಿ ಸುತ್ತಿಕೊಂಡ ಚಿಪ್ಪುಹಂದಿ. ಮರಿಯನ್ನು ಬೆನ್ನ ಮೇಲೆ ಹೊತ್ತ ಕರಡಿ. ಎಷ್ಟು ಚಂದ ಇದ್ದವು! ಇವು ತನ್ನವೇ ಎಂದು ಕಾಡಪ್ಪನಿಗೆ ನಂಬಿಕೆಯಾಗಲಿಲ್ಲ. ಕೊನೆಯ ಪುಟದಲ್ಲಿ ಒಂದು ಖಾಲಿ ಚೌಕ. ಅದರ ಅಂಚು ಬೆರಳಾಡಿಸಿ ಆಡಿಸಿ ಕಪ್ಪಾಗಿತ್ತು.

"ಬಾರದ ಹುಲಿ ಬಂದದ್ದನ್ನೆಲ್ಲ ತಿಂದೈತಿ," ಎಂದರು ಅಜ್ಜ. "ಮುಂದಿನವರನ್ನ ಕರಿ."

ಸಾಲಿನ ಮುಂದೆ ಫಕೀರವ್ವ ನಿಂತಿದ್ದಳು. ಸೊಂಟದ ಮೇಲೆ ಮಗಳು. ಫಕೀರವ್ವ ಸೆರಗಿನ ಗಂಟು ಬಿಚ್ಚಿ ಚಿತ್ರಗಳನ್ನು ಅಜ್ಜನ ಮುಂದೆ ಹರವಿದಳು. ಒಂದೇ ಕಡಿಮೆ ಇದೆ, ದೋಣಿಯದು, ಅದಕ್ಕಾಗಿ ತಿರುಗಿಸಿ ಕಳಿಸಬೇಡಿ ಎಂದು ಬೇಡಿಕೊಂಡಳು. ಮಗಳಿಗೆ ಮೂರ್ಛೆ ರೋಗವಿತ್ತು. ದವಾಖಾನೆಯ ಗುಳಿಗೆಯಿಂದ ಹತೋಟಿಯಲ್ಲಿತ್ತು. ಅಜ್ಜನ ಕೈ ತಲೆಯ ಮೇಲೆ ಬಿದ್ದರೆ ಪೂರ್ತಿ ಹೋಗುತ್ತದೆಂದು ಯಾರೋ ಹೇಳಿದ್ದರು. ಗುಳಿಗೆ ಬಿಡಿಸಿ ಅವಳು ಆ ದುಡ್ಡಿಗೆ ಪೊಟ್ಟಣ ಕೊಂಡಿದ್ದಳು. ಕೂಸು ಮೊನ್ನೆಯಿಂದ ಮತ್ತೆ ಬೀಳುತ್ತಿತ್ತು.

ಕಾಡಪ್ಪನ ಮುಖ ಬೂದಿಯಾಯಿತು. ಪೆಟ್ಟಿಗೆಯ ಕಡೆ ತಿರುಗಿದ.

ಅಜ್ಜ ಅವನ ರಟ್ಟೆ ಹಿಡಿದರು.

"ಎಲ್ಲಿಗೆ?"

"ದೋಣಿ ತಂದು ಕೊಡತೀನ್ರಿ."

"ಬ್ಯಾಡ. ಕೊಟ್ಟರ ಈಕಿ ಗೆದ್ದೆ ಅಂತ ತಿಳಕೊಂತಾಳ. ಹಿಂದ ನಿಂತವರು ನಾಳೆ ಇನ್ನೊಂದು ಪೊಟ್ಟಣ ಹರಿತಾರ. ಪೆಟ್ಟಿಗ್ಯಾಗ ಏನೈತಿ ಅಂತ ಹೇಳು. ಹೊಳಿ ತನಕ ಕೇಳಬೇಕು."

ಈ ಜನವೇ ಕಾಡಪ್ಪನನ್ನು ಸಣ್ಣಜ್ಜ ಎಂದು ಕರೆಯಲು ಶುರುಮಾಡಿದ್ದರು. ಹೇಳಿದರೆ ಮುಗಿಯಿತು. ಕೂಸಿನ ಸೋತ ಕಣ್ಣುಗಳನ್ನು ನೋಡಿದ. ಗಂಟಲು ಬಿಚ್ಚಿ ಹೇಳಿದ.

"ದೋಣಿ ಯಾವ ಪೊಟ್ಟಣದಾಗೂ ಇಲ್ಲ. ನಾನೇ ಮುಚ್ಚಿಟ್ಟೀನಿ."

ಫಕೀರವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅಜ್ಜಾರ ಕೈನೂ ಅದೇ ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕಿದ್ಯೇನಪ್ಪಾ?"

ಅಜ್ಜ ಗಹಗಹಿಸಿ ನಕ್ಕರು. ನಗುತ್ತಲೇ ಎದ್ದು, ಎರಡೂ ಕೈ ಚಾಚಿ ಕೂಸನ್ನು ಎತ್ತಿಕೊಂಡರು. ಈ ಕೈಗೆ ರೋಗ ಓಡಿಸುವ ಶಕ್ತಿ ಇಲ್ಲ, ಗುಳಿಗೆ ಬಿಡಬೇಡ ಎಂದು ತಾಯಿಗೆ ಬಿಡಿಸಿ ಹೇಳಿದರು. ಆಮೇಲೆ ಕಾಡಪ್ಪನತ್ತ ತಿರುಗಿ, ಚಾವಣಿಯ ತಗಡು ಬಿಚ್ಚು, ಮಾರಿ ಈ ಕೂಸಿಗೆ ಔಷಧಿ ತಾ, ಉಳಿದದ್ದನ್ನು ಪೊಟ್ಟಣ ಕೊಂಡವರಿಗೆ ಹಂಚು ಎಂದರು.

ಚಾವಣಿ ಸೋರುತ್ತದಲ್ಲ ಎಂದು ಯಾರೋ ಅಂದರು.

"ಸೋರಲಿ. ಕೂತು ಉಣ್ಣೋರು ಸರಕೊಂಡು ಕೂಡತಾರ."

ಕಾಡಪ್ಪ ಮೇಲೆ ಹತ್ತಿದ. ಕೆಳಗೆ ಸಾಲು ಸರಿಯುತ್ತಿತ್ತು. ಚಿತ್ರ ತಂದವರು, ತರದವರು, ಎಲ್ಲರ ತಲೆಯ ಮೇಲೂ ಅಜ್ಜನ ಕೈ. ದೋಣಿಗಳ ಕಟ್ಟು ಒಲೆಗೆ ಹೋಗಿತ್ತು. ಕಾಡಪ್ಪ ಒಂದೊಂದೇ ಮೊಳೆ ಕಿತ್ತು ತಗಡು ಇಳಿಸಿದ. ಸಂಜೆಗೆ ಆ ಅರ್ಧದಲ್ಲಿ ಬರೀ ಜಂತಿ ಉಳಿಯಿತು. ಸಾಲೂ ಕರಗಿತು.

ಅವನು ಜಂತಿಯ ಮೇಲೇ ಕೂತು ಕೆಳಗೆ ನೋಡಿದ. ಅಜ್ಜ ಪೊರಕೆ ಹಿಡಿದು ಅಂಗಳ ಗುಡಿಸುತ್ತಿದ್ದರು. ಮಣ್ಣಿಂದ ಒಳ್ಳೆಯ ವಿಭೂತಿ ಬೇರೆ ಮಾಡುತ್ತಿದ್ದರು.

ಇನ್ನು ಕೇಳದೆ ಇರಲು ಕಾಡಪ್ಪನಿಂದ ಆಗಲಿಲ್ಲ.

"ಅಜ್ಜಾರ, ನನ್ನನ್ನ ಮಠ ಬಿಡಿಸಿದರೂ ಚಿಂತಿಲ್ಲ. ಒಂದು ಹೇಳಿಬಿಡ್ರಿ. ನೀವು ನನಗ ಕೊಡದೆ ಹಿಂದ ಇಟ್ಟಕೊಂಡ ಕೊನೀ ಮಾತು ಯಾವುದು?"

ಅಜ್ಜ ತಲೆ ಎತ್ತಿದರು.

"ಹಿಂದ ಇಟ್ಟಕೊಳ್ಳಾಕ ನಾನೇನು ಚಹಾಪುಡಿ ಮಾರತೀನೇನೋ, ಕಾಡಪ್ಪ? ಕೆಳಗ ಇಳಿ, ಪೊರಕಿ ಹಿಡಿ."