ಹಣೆಯ ಹಿಂದಿನ ಕಾವಲುಗಾರ

ಕತೆ ಹೇಳಿ ನನಗೆ ರೂಢಿಯಿಲ್ಲ, ಎಡವಿದರೆ ಮನ್ನಿಸಿ. ಡಂಗುರದಿಂದಲೇ ಶುರುಮಾಡುತ್ತೇನೆ.

"ರಾಜಕುಮಾರಿ ಹೊನ್ನಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವರು ಕೇಳಿದ್ದನ್ನು ಪಡೆಯುತ್ತಾರೆ, ತಪ್ಪಿದವರ ತಲೆ ಹೋಗುತ್ತದೆ" ಎಂದು ಊರೆಲ್ಲ ಸಾರಿದರು. ಒಗಟು ಮಗಳದು. ತಲೆಯ ಮಾತನ್ನು ನಗುತ್ತ ಸೇರಿಸಿದವನು ಅಪ್ಪ, ಅಂದರೆ ರಾಜ. ಮೂರು ವರ್ಷದ ಹಿಂದೆ ಕುದುರೆ ಒದ್ದರೂ ಅವನು ಬದುಕಿ ಉಳಿದಿದ್ದ, ಆದರೆ ಮೊದಲಿನವನಾಗಿ ಉಳಿದಿರಲಿಲ್ಲ. ಆಳುಗಳನ್ನೂ ಬಹುವಚನದಲ್ಲಿ ಕರೆಯುತ್ತಿದ್ದವನು ಈಗ ಪಕ್ಕದವರ ಎಲೆಗೆ ಕೈಹಾಕಿ ತಿನ್ನುತ್ತಿದ್ದ, ಅಗಿದದ್ದನ್ನು ಅವರ ಮಡಿಲಿಗೇ ಉಗಿಯುತ್ತಿದ್ದ.

ರಾಜನ ಕ್ಷೌರ ಮಾಡುವ ಕರಿಬಸವನಿಗೆ ಇದನ್ನು ಕಂಡರೆ ಅಸಹ್ಯವಾಗುತ್ತಿತ್ತು. ಆಸ್ಥಾನದವರನ್ನು ಕಂಡರೆ ಇನ್ನೂ ಹೆಚ್ಚು. ಮಡಿಲಲ್ಲಿ ಎಂಜಲು ಜಾರುತ್ತಿದ್ದರೂ ಅವರು ಒರೆಸಿಕೊಳ್ಳದೆ ರಾಜನ ಜೊತೆ ನಗುತ್ತಿದ್ದರು.

ಹೊನ್ನಾಜಮ್ಮಣ್ಣಿ ಸಭೆಯಲ್ಲಿ ಕೇಳಿದಳು: "ಮನೆ ಗಟ್ಟಿಯಾಗಿದೆ, ಒಳಗೆ ದೀಪ ಉರಿಯುತ್ತಿದೆ, ಯಜಮಾನನೂ ಇದ್ದಾನೆ. ಆದರೂ ಬೀದಿನಾಯಿ ನುಗ್ಗುತ್ತದೆ. ಇಲ್ಲದವನು ಯಾರು? ಎರಡನೆಯದು, ಬೆಂಕಿ ಸುಡುತ್ತದೆ ಎಂದು ಬಲ್ಲವನು, ಹಾಗೆ ಹೇಳುತ್ತಲೇ ಕೈಯಿಡುತ್ತಾನೆ. ಅರಿವಿಗೂ ಕೈಗೂ ನಡುವೆ ಕಳೆದದ್ದೇನು? ಮೂರನೆಯದು, ಆ ಇಲ್ಲದವನು ಮೊದಲು ಎಲ್ಲಿದ್ದ?"

ಪಾಳೆಗಾರನ ಮಗ ಮೊದಲನೆಯದಕ್ಕೇ ಬಾಗಿಲು ಎಂದ. ಬಾಗಿಲಿದ್ದೂ ಕಾಯುವವರಿಲ್ಲದಿದ್ದರೆ ನಾಯಿ ಬರುತ್ತದಲ್ಲ, ಹಾಗಾಗಿ ತಪ್ಪು. ಪಂಡಿತರೊಬ್ಬರು ಎರಡನೆಯದಕ್ಕೆ ಬುದ್ಧಿ ಎಂದರು. ಸುಡುತ್ತದೆ ಎಂದು ಹೇಳಿದ್ದೇ ಬುದ್ಧಿ, ಅದೂ ತಪ್ಪು. ಇಬ್ಬರನ್ನೂ ಸೆರೆಗೆ ತಳ್ಳಿದರು, ಸಂಜೆಗೆ ಕತ್ತಿ.

ಕರಿಬಸವ ಮುಂದೆ ಬಂದ. ಪೇಟದ ಕೆಳಗೆ ಕಂಡದ್ದನ್ನು ಕ್ಷೌರಿಕ ಬಾಯಿಬಿಡಬಾರದು ಎಂಬುದು ಅರಮನೆಯ ಕಟ್ಟಳೆ. ಬಾಯಿಬಿಟ್ಟರೂ ತಲೆ ಹೋಗುತ್ತದೆ, ಉತ್ತರ ತಪ್ಪಿದರೂ ಹೋಗುತ್ತದೆ.

"ಮೊದಲನೆಯದು ಕಾವಲುಗಾರ, ಅಮ್ಮಣ್ಣಿ. ಎರಡನೆಯದು ಬೇಡ ಎಂದು ತಡೆಯುವ ಒಂದು ಗಳಿಗೆ. ಮೂರನೆಯದಕ್ಕೆ ಮಹಾಸ್ವಾಮಿಯವರ ಪೇಟ ತೆಗೆಯಬೇಕು."

ಭಟರು ಕತ್ತಿಗೆ ಕೈಹಾಕಿದರು. ರಾಜ ಮಾತ್ರ ಮೂಗು ಕೆದಕುತ್ತ, "ತೆಗಿಯೋ, ಹೇನಿದ್ರೆ ನೋಡು" ಎಂದ.

ಹಣೆಯ ಮೇಲ್ಭಾಗದಲ್ಲಿ ಎರಡು ಹೆಬ್ಬೆರಳು ಕೂರುವಷ್ಟು ಗುಳಿಯಿತ್ತು. ಗೊರಸು ತಾಗಿದ್ದು ಅಲ್ಲಿ. ಮಂತ್ರವಾದಿಗಳು ಎದೆಗೆ ತಾಯಿತ ಕಟ್ಟಿದ್ದರು, ವೈದ್ಯರು ಹೊಟ್ಟೆಗೆ ಕಷಾಯ ಕೊಟ್ಟಿದ್ದರು. ಗಾಯ ಮಾಗಿದ ಮೇಲೆ ಹಣೆಯನ್ನು ಯಾರೂ ನೋಡಿರಲಿಲ್ಲ.

"ಒದೆ ಬೀಳುವ ಮೊದಲೂ ಆಮೇಲೂ ಈ ತಲೆ ಹಿಡಿದವನು ನಾನು" ಎಂದ ಕರಿಬಸವ. "ಮಹಾಸ್ವಾಮಿಯವರಿಗೆ ನೆನಪಿದೆ, ಮಾತಿದೆ, ನಿಮ್ಮ ಹೆಸರೂ ಗೊತ್ತು. ಬೇಡ ಅನ್ನುವವನು ಇಲ್ಲಿದ್ದ. ಅವನೊಬ್ಬ ಸತ್ತಿದ್ದಾನೆ. ಇದು ಕೊಬ್ಬಲ್ಲ ಅಮ್ಮಣ್ಣಿ, ಗಾಯ."

ಹೊನ್ನಾಜಮ್ಮಣ್ಣಿ ಅಪ್ಪನ ಗುಳಿಯನ್ನು ಮುಟ್ಟಿ ನೋಡಿ, ಮೂರೂ ಸರಿ, ಏನು ಬೇಕೋ ಕೇಳು ಎಂದಳು. ಕರಿಬಸವ ಕೇಳಿದ್ದು ಸೆರೆಯಲ್ಲಿದ್ದ ಇಬ್ಬರ ಜೀವದಾನ. ಜೊತೆಗೆ, ರಾಜನ ಊಟದ ಹೊತ್ತಿಗೆ ನಗುವವರಾರೂ ಅಲ್ಲಿರಬಾರದು ಎಂಬ ಅಪ್ಪಣೆ. ಅವಳು ಎರಡನ್ನೂ ಕೊಟ್ಟಳು, ಒಂದು ಊರನ್ನು ಉಂಬಳಿಯಾಗಿಯೂ ಬಿಟ್ಟಳು, ರಾಜಮುದ್ರೆಯನ್ನು ತನ್ನ ಕೈಗೆ ತೆಗೆದುಕೊಂಡಳು.

ಅಂದಿನಿಂದ ರಾಜನ ಪಕ್ಕ ಕೂತು ಅವನ ಕೈ ಹಿಡಿದು ಉಣ್ಣಿಸುವವನು ಕರಿಬಸವನೇ. ಮೊದಲ ತುತ್ತೇ ಅವನ ಕೆನ್ನೆಗೆ ಬಂದು ಬಿತ್ತು, ಬೆಚ್ಚಗೆ, ಜೊಲ್ಲಿನ ಸಮೇತ. ಅಸಹ್ಯವಾಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿತು. ಕೈ ಎತ್ತಿ ಬಾರಿಸಿಬಿಡೋಣ ಎನಿಸಿತು. ಎತ್ತಿದ ಕೈಯಿಂದಲೇ ರಾಜನ ಬಾಯಿ ಒರೆಸಿದ. ಕರಿಬಸವನ ಹಣೆಯ ಹಿಂದೆ ಕಾವಲುಗಾರ ಇನ್ನೂ ಬದುಕಿದ್ದ, ಅದಕ್ಕೇ. ಅದು ಹೇಗೆಂದರೆ, ಮಿದುಳಿನ ಮುಂಭಾಗ ಇದೆಯಲ್ಲ, ಅದು ಕೈಗೆ ಹೋಗುವ ಅಪ್ಪಣೆಯನ್ನು ಮೊದಲು... ಬಂದೆ, ಬಂದೆ. ಒಳಗಿಂದ ಕರೆಯುತ್ತಿದ್ದಾರೆ.