ಏಳು ಬೆಳಕಿನ ಹೆಡ್‌ಲ್ಯಾಂಪ್

ದುರ್ಗದ ಸೀಮೆಯ ಒಂದು ಊರಿನಲ್ಲಿ ಇಬ್ಬರು ಗೆಳೆಯರಿದ್ದರು. ತಿಪ್ಪೇಶನದು ಬಸ್ ಸ್ಟ್ಯಾಂಡ್ ಎದುರಿಗೆ ಮೊಬೈಲ್ ರಿಪೇರಿ ಅಂಗಡಿ. ಪಾಲಯ್ಯ ಅದೇ ಊರಿನ ಪೋಸ್ಟ್‌ಮ್ಯಾನ್. ಒಂದನೇ ಕ್ಲಾಸಿನಲ್ಲಿ ಒಂದೇ ಮಣೆಯ ಮೇಲೆ ಕೂತವರು, ನಲವತ್ತು ದಾಟಿದರೂ ಜೊತೆ ಬಿಟ್ಟಿರಲಿಲ್ಲ. ವರ್ಷಕ್ಕೆ ಎರಡು ಸಲವಾದರೂ ಬೆನ್ನಿಗೆ ಚೀಲ ಏರಿಸಿ ಯಾವುದಾದರೂ ಬೆಟ್ಟ ಹತ್ತುವರು. ಮೇಲೆ ಒಂದು ರಾತ್ರಿ ಮಲಗಿ, ಸೂರ್ಯ ಹುಟ್ಟುವುದನ್ನು ನೋಡಿ ಇಳಿದು ಬರುವರು. ಇಬ್ಬರಿಗೂ ಬೇರೆ ಚಟವಿರಲಿಲ್ಲ.

ಪಾಲಯ್ಯನ ಹತ್ತಿರ ಹಣೆಗೆ ಕಟ್ಟಿಕೊಳ್ಳುವ ಒಂದು ಪುಟ್ಟ ಹೆಡ್‌ಲ್ಯಾಂಪ್ ಇತ್ತು. ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದು. ಅದಕ್ಕೆ ಇದ್ದದ್ದು ಒಂದೇ ಗುಂಡಿ. ಒತ್ತಿದರೆ ಹತ್ತುತ್ತಿತ್ತು, ಇನ್ನೊಮ್ಮೆ ಒತ್ತಿದರೆ ಆರುತ್ತಿತ್ತು. ಯಾವ ಪೆಟ್ಟಿಗೆ ಅಂಗಡಿಯಲ್ಲೂ ಸಿಗುವ ಎರಡು ಸಣ್ಣ ಸೆಲ್ಲು ಸಾಕು. ಚೀಲದಲ್ಲಿಡುವಾಗ ಪಾಲಯ್ಯ ಒಂದು ಸೆಲ್ಲನ್ನು ತಿರುಗಿಸಿ ಹಾಕುತ್ತಿದ್ದ. ತಾನಾಗಿ ಹತ್ತಿಕೊಂಡು ಸೆಲ್ ಖಾಲಿಯಾಗಬಾರದು ಅಂತ. ಹಣೆಗೆ ಕಟ್ಟಿದರೆ ಇದೆಯೋ ಇಲ್ಲವೋ ಗೊತ್ತಾಗದಷ್ಟು ಹಗುರ. ಒಂದು ಸಲ ಅದನ್ನು ಕಟ್ಟಿಕೊಂಡೇ ನಿದ್ದೆ ಹೋಗಿ, ಬೆಳಿಗ್ಗೆ ಎದ್ದು ಚೀಲವೆಲ್ಲ ತಡಕಾಡಿದ್ದ.

ತಿಪ್ಪೇಶನಿಗೆ ಅದನ್ನು ಕಂಡರೆ ತಾತ್ಸಾರ. "ಮಿಣುಕುಹುಳ ಕಟ್ಕಂಡಂಗೆ ಐತೆ" ಎನ್ನುತ್ತಿದ್ದ.

ಗಾಳಿಕಲ್ಲು ಬೆಟ್ಟಕ್ಕೆ ಹೋಗುವುದೆಂದು ಗೊತ್ತುಮಾಡಿಕೊಂಡ ವಾರ ತಿಪ್ಪೇಶ ಹೊಸದೊಂದು ಹೆಡ್‌ಲ್ಯಾಂಪ್ ಕೊಳ್ಳಲು ಹೊರಟ. ಪಾಲಯ್ಯನೂ ಜೊತೆಗೆ ಹೋದ. ಡೇರೆ, ಹಗ್ಗ, ಚೀಲ ಮಾರುವ ಅಂಗಡಿ ಮೆಹಬೂಬ್ ಸಾಬರದು. ಅವರು ಮೊದಲು ತೆಗೆದಿಟ್ಟದ್ದು ಪಾಲಯ್ಯನಲ್ಲಿದ್ದಂಥದೇ ಒಂದು ಸಣ್ಣದನ್ನು.

"ಇದಲ್ಲ ಸಾಬರೇ, ದೊಡ್ಡದು ತೋರಿಸಿ" ಎಂದ ತಿಪ್ಪೇಶ.

ಸಾಬರು ಮೇಲಿನ ಹಲಗೆಯಿಂದ ಒಂದು ಪೆಟ್ಟಿಗೆ ಇಳಿಸಿದರು. ಮುಂದೆ ಮೂರು ಕಣ್ಣಿನ ದೀಪ. ತಲೆಯ ಹಿಂದೆ ಕೂರುವ ಬ್ಯಾಟರಿ ಡಬ್ಬಿ. ನಡುವೆ ವೈರು. ಏಳು ಥರದ ಬೆಳಕು, ಎರಡು ಗುಂಡಿ. ಕೈ ಬೀಸಿದರೂ ಹತ್ತುತ್ತದೆ. ಅದರಿಂದ ಫೋನಿಗೂ ಚಾರ್ಜು ಹಾಕಬಹುದು. ತಿಪ್ಪೇಶ ಹತ್ತಿಸಿದ. ಹಗಲಿನಲ್ಲೂ ಎದುರಿನ ಗೋಡೆ ಬೆಳ್ಳಗಾಯಿತು.

"ನೋಡಲೇ ಪಾಲಯ್ಯ! ಇದು ಬೆಳಕು ಅಂದ್ರೆ."

ಸಾಬರು ಮೆಲ್ಲಗೆ ಹೇಳಿದರು. "ಚೆನ್ನಾಗೈತೆ ತಿಪ್ಪೇಶಣ್ಣ, ಇಲ್ಲ ಅನ್ನಲ್ಲ. ಆದ್ರೆ ಒಂದು ಕೆಲ್ಸ ಮಾಡಿ. ಕಣ್ಣು ಮುಚ್ಕಂಡು ಹತ್ಸಿ, ಆರ್ಸಿ. ಆಗುತ್ತಾ ನೋಡಿ. ಕತ್ತಲಲ್ಲಿ ಬೇಕಾಗಿರೋದು ಅಷ್ಟೇ."

ತಿಪ್ಪೇಶ ನಕ್ಕುಬಿಟ್ಟ. "ದಿನಾ ನೂರು ಫೋನು ಬಿಚ್ಚೋ ಕೈ ಇದು ಸಾಬರೇ. ನಂಗೆ ಗುಂಡಿ ಒತ್ತೋದು ಕಲಿಸ್ತೀರಾ?"

ಪೆಟ್ಟಿಗೆಯೊಳಗೆ ಒಂದು ಸಣ್ಣ ಪುಸ್ತಕವಿತ್ತು. ಅದನ್ನು ಅವನು ಬಿಡಿಸಿಯೂ ನೋಡಲಿಲ್ಲ.

ಹೊರಡುವ ಬೆಳಿಗ್ಗೆ ತಿಪ್ಪೇಶ ಬೈಕು ತಂದು ಪಾಲಯ್ಯನ ಮನೆ ಮುಂದೆ ನಿಲ್ಲಿಸಿದ. ಪಾಲಯ್ಯ ಜಗುಲಿಯ ಮೇಲೆ ಚೀಲ ತುಂಬುತ್ತಿದ್ದ. ಅವನ ಕೈಯಲ್ಲಿ ಆ ಪುಟ್ಟ ದೀಪವಿತ್ತು.

"ಅದನ್ಯಾಕೆ ಹೊರ್ತಿ? ಬಿಟ್ಟಾಕು" ಎಂದ ತಿಪ್ಪೇಶ. "ನಂದಿರೋವಾಗ ನಿಂದ್ಯಾಕೆ? ಇಡೀ ಬೆಟ್ಟಕ್ಕೆ ಬೆಳಕು ಬಿಡ್ತೀನಿ."

"ಇರ್ಲಿ ಬಿಡೋ, ಇದೇನು ಭಾರ."

"ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ಲ ಅಂತಾಯ್ತು."

ಪಾಲಯ್ಯ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಒಳಗೆ ಹೋಗಿ ದೀಪ ಇಟ್ಟು ಬಂದ. ಬಾಗಿಲಲ್ಲಿ ಹೆಂಡತಿ ಓಬಮ್ಮ ನಿಂತಿದ್ದಳು. ಅವಳಿಗೆ ಏನೋ ಹೇಳಿ, ನಗುತ್ತ ಬೈಕು ಹತ್ತಿದ.

ಗಾಳಿಕಲ್ಲು ಬೆಟ್ಟದಲ್ಲಿ ಮರ ಕಡಿಮೆ, ಬಂಡೆ ಜಾಸ್ತಿ. ದಾರಿಯೆಂದರೆ ಬಂಡೆಯಿಂದ ಬಂಡೆಗೆ ಕೈಕಾಲು ಊರಿ ಹೋಗುವುದೇ. ಸಂಜೆ ಐದಕ್ಕೆಲ್ಲ ಮೇಲೆ ಬಂಡೆಯ ತಗ್ಗಿನಲ್ಲಿ ನೀರು ನಿಲ್ಲುವ ದೊಣೆಯ ಹತ್ತಿರ ಸೇರಿ ಡೇರೆ ಹಾಕಬೇಕೆಂದು ಮಾತಾಗಿತ್ತು. ತಿಪ್ಪೇಶ ಹೆಜ್ಜೆ ಹೆಜ್ಜೆಗೂ ನಿಂತು ವಿಡಿಯೋ ತೆಗೆದ. ಪಾಲಯ್ಯ ಎರಡು ಸಲ ಎಚ್ಚರಿಸಿದ.

"ಫೋನು ಖಾಲಿಯಾದೀತು ಕಣೋ."

"ಲ್ಯಾಂಪಿಂದ ಚಾರ್ಜ್ ಹಾಕ್ತೀನಿ, ನೀನು ನಡಿ."

ಸೂರ್ಯ ಮುಳುಗಿದಾಗ ದೊಣೆ ಇನ್ನೂ ಎರಡು ಬಂಡೆಸಾಲು ಆಚೆಗಿತ್ತು. ಅಮಾವಾಸ್ಯೆಯ ಹತ್ತಿರದ ದಿನ. ನೋಡನೋಡುತ್ತಿದ್ದಂತೆ ಎದುರಿಗಿದ್ದ ಕಲ್ಲು ಕತ್ತಲಲ್ಲಿ ಕರಗಿಹೋಯಿತು. ತಿಪ್ಪೇಶ ಚೀಲದ ತಳದಿಂದ ಲ್ಯಾಂಪ್ ತೆಗೆದು ತಲೆಗೆ ಬಿಗಿದು ಗುಂಡಿ ಒತ್ತಿದ. ದೀಪ ಕೆಂಪಗೆ ಮೂರು ಸಲ ಮಿನುಗಿ ಆರಿತು. ಇನ್ನೊಂದು ಗುಂಡಿ ಒತ್ತಿದ. ಮತ್ತೆ ಕೆಂಪು, ಮೂರು ಸಲ. ಕೈ ಬೀಸಿದ. ಏನೂ ಆಗಲಿಲ್ಲ. ವೈರು ಕಿತ್ತು ಮತ್ತೆ ಚುಚ್ಚಿದ. ಫೋನಿಗೆ ಸಿಕ್ಕಿಸಿದ. ಚಾರ್ಜು ಹತ್ತಲಿಲ್ಲ.

"ಬ್ಯಾಟರಿ ಸತ್ತೈತೆ" ಎಂದ.

ಪಾಲಯ್ಯ ಬೈಯಲಿಲ್ಲ. "ಹೋಗ್ಲಿ ಬಿಡು. ಇಲ್ಲೇ ಕೂತು ಬೆಳಗು ಮಾಡಾನ" ಎಂದ.

ಅಷ್ಟಕ್ಕೇ ನಿಂತಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತಿಪ್ಪೇಶನಿಗೆ ನಾಚಿಕೆಯಾಗಿತ್ತು. ನಾಚಿಕೆಯಾದವನಿಗೆ ಸುಮ್ಮನೆ ಕೂರುವುದು ಕಷ್ಟ. "ಇಲ್ಲಿ ನೀರಿಲ್ಲ, ಮಲಗೋಕೆ ಜಾಗ ಇಲ್ಲ. ದೊಣೆ ಇನ್ನೇನು ಇನ್ನೂರು ಹೆಜ್ಜೆ. ನಡಿ, ಹೋಗಾನ" ಎಂದು ಹಟ ಹಿಡಿದ.

ಪಾಲಯ್ಯನ ಹತ್ತಿರ ಗುಂಡಿ ಒತ್ತುವ ಹಳೆಯ ಫೋನಿತ್ತು. ಅದರ ತುದಿಯಲ್ಲಿ ಒಂದು ಚಿಕ್ಕ ಬೆಳಕು. ಅದನ್ನು ಎಡಗೈಯಲ್ಲಿ ಹಿಡಿದು ಅವನೇ ಮುಂದೆ ಹೊರಟ. ಆ ಬೆಟ್ಟದಲ್ಲಿ ನಡೆಯಲು ಎರಡೂ ಕೈ ಬೇಕು. ಅವನಿಗೆ ಉಳಿದಿದ್ದು ಒಂದು.

ಮೂರನೇ ಬಂಡೆಯ ಮೇಲೆ ಅವನ ಕಾಲು ಜಾರಿತು. ಬೆಳಕು ಗಾಳಿಯಲ್ಲಿ ಒಮ್ಮೆ ತಿರುಗಿತು. ಆಮೇಲೆ ಕಲ್ಲಿನ ಮೇಲೆ ಏನೋ ಒಡೆದ ಸದ್ದು. ಆಮೇಲೆ ಏನೂ ಇಲ್ಲ.

"ಪಾಲಯ್ಯಾ! ಲೇ ಪಾಲಯ್ಯಾ!"

ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ ದನಿ ಬಂತು. "ಇದ್ದೀನಿ ಕಣೋ. ಬಲಗೈ ಮುರ್ದೈತೆ. ತೊಡೆ ಸೀಳೈತೆ ಅನ್ಸುತ್ತೆ. ಬಿಸಿ ಬಿಸಿ ಇಳೀತೈತೆ."

ತಿಪ್ಪೇಶ ತನ್ನ ಫೋನು ತೆಗೆದ. ಅದರಲ್ಲಿ ಉಳಿದಿದ್ದ ಜೀವಕ್ಕೆ ಟಾರ್ಚ್ ಒಂದು ಕ್ಷಣ ಉರಿಯಿತು. ಎರಡು ಬಂಡೆಗಳ ನಡುವಿನ ಸಂದಿ ಕಂಡಿತು. ಆಳದಲ್ಲಿ ಪಾಲಯ್ಯನ ನೀಲಿ ಅಂಗಿಯ ತೋಳು ಕಂಡಿತು. ಫೋನು ಆರಿಹೋಯಿತು. ಸಿಗ್ನಲ್ ಮೊದಲೇ ಇರಲಿಲ್ಲ.

ಅವನು ಬಂಡೆಯ ಅಂಚಿಗೆ ಹೊಟ್ಟೆ ಹಚ್ಚಿ ಮಲಗಿ ಒಂದು ಕಾಲನ್ನು ಕತ್ತಲಿಗೆ ಇಳಿಬಿಟ್ಟ. ಕಾಲಿಗೆ ತಾಗಿದ ಕಲ್ಲೊಂದು ಸರಿದು ಕೆಳಗುರುಳಿತು. ಪಾಲಯ್ಯ ಚೀರಿದ.

"ಇಳಿಬ್ಯಾಡ ತಿಪ್ಪೇಶಿ! ಕಲ್ಲು ನನ್ನ ಮೇಲೇ ಬೀಳ್ತಾವೆ. ನೀನೂ ಬೀಳ್ತಿ."

ಅವನು ಕಾಲು ಮೇಲೆಳೆದುಕೊಂಡ. ಆಳ ಎಷ್ಟೆಂದು ಗೊತ್ತಾಗಲಿಲ್ಲ. ಕತ್ತಲಲ್ಲಿ ಅದಕ್ಕೆ ತಳವೇ ಇಲ್ಲವೆನಿಸಿತು. ಚೀಲದಲ್ಲಿದ್ದ ಟವೆಲ್ಲನ್ನು ಉಂಡೆ ಮಾಡಿ ದನಿ ಬಂದ ಕಡೆ ಎಸೆದ.

"ತೊಡೆಗೆ ಬಿಗಿದು ಕಟ್ಕೋ!"

"ಸಿಕ್ತು. ಒಂದೇ ಕೈಲಿ ಬಿಗಿಯೋಕೆ ಆಗ್ತಿಲ್ಲ. ನೀನು ಬಂದು ಕಟ್ಟಿದ್ರೆ..." ಎಂದವನು ಮಾತು ನುಂಗಿಕೊಂಡ. "ಬ್ಯಾಡ ಬ್ಯಾಡ. ಅಲ್ಲೇ ಇರು."

ತಿಪ್ಪೇಶ ಮತ್ತೆ ಮತ್ತೆ ಲ್ಯಾಂಪಿನ ಗುಂಡಿ ಒತ್ತಿದ. ಒಂದನ್ನು ಒತ್ತಿದ, ಇನ್ನೊಂದನ್ನು ಒತ್ತಿದ. ನೂರು ಸಲ ಒತ್ತಿರಬಹುದು. ಪ್ರತಿ ಸಲವೂ ಮೂರು ಕೆಂಪು ಮಿನುಗು. ನಾಜೂಕಿನ ತಂತಿ ಬೆಸೆಯುವ ಬೆರಳುಗಳು ಅವು. ಈಗ ಯಾವ ಕೆಲಸಕ್ಕೂ ಬಾರದೆ ಹೋದವು. ಎದ್ದು ನಿಂತು ಕೂಗಿದ. ಬೆಟ್ಟದ ಕೆಳಗೆ ಎಲ್ಲೋ ದೂರದ ಊರಿನ ದೀಪಗಳು ಕಾಣುತ್ತಿದ್ದವು. ಅಲ್ಲಿಗೆ ಅವನ ಕೂಗು ಮುಟ್ಟಲಿಲ್ಲ.

ಇಬ್ಬರೂ ಮಾತಾಡುತ್ತ ಕಳೆದರು. ಪಾಲಯ್ಯ ಶಾಲೆಯ ಮೇಷ್ಟ್ರನ್ನು ನೆನೆದ. ಮಗಳ ಪರೀಕ್ಷೆಯ ಮಾತಾಡಿದ. ನೀರು ಕೇಳಿದ. ತಿಪ್ಪೇಶ ಬಾಟಲಿ ಎಸೆದ, ಅದು ಇನ್ನೆಲ್ಲೋ ಬಿದ್ದು ಉರುಳಿಹೋಯಿತು. ಆಮೇಲೆ ಪಾಲಯ್ಯನ ಮಾತು ನಿಧಾನವಾಯಿತು.

"ತಿಪ್ಪೇಶಿ, ಚಳಿ ಆಗ್ತೈತೆ."

"ಇನ್ನೇನು ಬೆಳಗಾಗುತ್ತೆ ಕಣೋ. ಸ್ವಲ್ಪ ತಡ್ಕೋ."

"ಹೂಂ."

ಅದಾದ ಮೇಲೆ ತಿಪ್ಪೇಶ ಎಷ್ಟು ಕರೆದರೂ ಹೂಂ ಎನ್ನುವವರಿರಲಿಲ್ಲ. ಆದರೂ ಅವನು ಕರೆಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಬೆಳಕು ಹರಿಯಿತು. ಸಂದಿ ಕಂಡಿತು. ಅದು ಎರಡಾಳುದ್ದವೂ ಇರಲಿಲ್ಲ. ಒಂದು ಪಕ್ಕದಲ್ಲಿ ಕಲ್ಲುಗಳು ಮೆಟ್ಟಿಲಿನ ಹಾಗೆ ಕೂತಿದ್ದವು. ಅವನು ರಾತ್ರಿಯೆಲ್ಲ ಕೂತಿದ್ದ ಜಾಗದಿಂದ ಆ ಮೆಟ್ಟಿಲಿಗೆ ನಾಲ್ಕು ಹೆಜ್ಜೆ. ಚಿಕ್ಕ ಮಕ್ಕಳೂ ಇಳಿಯಬಹುದಾಗಿತ್ತು.

ಅವನು ಇಳಿದ. ಪಾಲಯ್ಯ ಬಂಡೆಗೆ ಒರಗಿ ಕೂತಿದ್ದ. ಟವೆಲ್ಲು ತೊಡೆಗೆ ಸಡಿಲವಾಗಿ ಸುತ್ತಿಕೊಂಡಿತ್ತು. ಮೈ ತಣ್ಣಗಾಗಿತ್ತು. ತಿಪ್ಪೇಶ ಅವನ ಕಾಲ ಬಳಿ ಕುಸಿದ. ತಲೆಯಲ್ಲಿದ್ದ ಲ್ಯಾಂಪನ್ನು ಕಿತ್ತು, ಒಡೆದುಹಾಕಬೇಕೆಂದು ಮುಷ್ಟಿಯಲ್ಲಿ ಬಲವಾಗಿ ಹಿಸುಕಿದ. ಎರಡೂ ಗುಂಡಿಗಳು ಒಟ್ಟಿಗೆ ಒತ್ತಿಕೊಂಡು ಹಾಗೇ ಉಳಿದವು.

ಲ್ಯಾಂಪು ಝಗ್ಗನೆ ಹತ್ತಿಕೊಂಡಿತು.

ಬ್ಯಾಟರಿ ಸತ್ತಿರಲಿಲ್ಲ. ಚೀಲದ ತಳದಲ್ಲಿ ಒತ್ತಡಕ್ಕೆ ಸಿಕ್ಕಿ ಅದಕ್ಕೆ ಬೀಗ ಬಿದ್ದು ಬೆಳಕೂ ಚಾರ್ಜೂ ನಿಂತಿದ್ದವು, ಅಷ್ಟೇ. ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಎಣಿಸುವವರೆಗೆ ಒತ್ತಿ ಹಿಡಿದರೆ ಬೀಗ ಬಿಡುತ್ತಿತ್ತು. ಆ ಸಣ್ಣ ಪುಸ್ತಕದ ಎರಡನೇ ಪುಟದಲ್ಲಿ ಅದನ್ನೇ ಬರೆದಿತ್ತು. ಬೇಕಾದಷ್ಟು ಬೆಳಕು ರಾತ್ರಿಯಿಡೀ ಅವನ ಹಣೆಯ ಮೇಲೇ ಇತ್ತು. ಈಗ ಆ ಮೂರು ಕಣ್ಣೂ ಬಿಸಿಲಿನಲ್ಲಿ ಪಾಲಯ್ಯನ ಮುಖದ ಮೇಲೆ ಬೆಳಗುತ್ತಿದ್ದವು. ತಿಪ್ಪೇಶನಿಗೆ ಅದನ್ನು ಆರಿಸುವುದು ಹೇಗೆಂದೂ ತಿಳಿಯಲಿಲ್ಲ.

"ಮೊದಲ ಒಂದೆರಡು ತಾಸಿನೊಳಗೆ ಯಾರಾದರೂ ಬಿಗಿಯಾಗಿ ಕಟ್ಟಿದ್ದರೆ ಬದುಕುತ್ತಿದ್ದರು" ಎಂದರು ಕೆಳಗೆ ತಂದ ದೇಹವನ್ನು ಪರೀಕ್ಷಿಸಿದ ಡಾಕ್ಟರು.

ಊರಿನವರು ತಿಪ್ಪೇಶನ ಹೆಗಲು ಮುಟ್ಟಿ ಸಮಾಧಾನ ಹೇಳಿದರು. ಅವನ ಹಣೆಯಲ್ಲಿ ಬರೆದದ್ದೇ ಅಷ್ಟು, ನೀನೇನು ಮಾಡೋಕಾಗ್ತಿತ್ತು ಎಂದರು. ಅವನಿಗೆ ಆ ಮಾತು ತಾಗಲಿಲ್ಲ. ಹನ್ನೊಂದನೇ ದಿನ ಕಳೆದ ಮೇಲೆ ಪಾಲಯ್ಯನ ಮನೆಗೆ ಹೋದ. ಓಬಮ್ಮ ಕಂಬಕ್ಕೊರಗಿ ಕೂತಿದ್ದಳು.

"ತಂಗಿ, ನಿಂಗೆ ಒಂದು ನಿಜ ಹೇಳ್ಬೇಕು. ಅವನ ಲ್ಯಾಂಪು ಬಿಟ್ಟು ಬಾ ಅಂದೋನು ನಾನೇ. ಅದೊಂದು ಇದ್ದಿದ್ರೆ..."

"ನಂಗೊತ್ತು ಅಣ್ಣ" ಎಂದಳು ಓಬಮ್ಮ. "ಬಾಗಿಲಲ್ಲಿ ನಿಂತು ಹೇಳಿದ್ರು. ತಿಪ್ಪೇಶಿ ಆಸೆಪಟ್ಟು ಹೊಸದು ತಂದವ್ನೆ, ನಾನು ನಂದನ್ನ ತಗಂಡೋದ್ರೆ ಅವನ ಮನಸ್ಸಿಗೆ ನೋವಾಗುತ್ತೆ ಅಂದ್ರು. ನಾನೂ, ಹೋಗ್ಲಿ ಬಿಡಿ ಅಂದೆ. ನಾನಾದ್ರೂ ಬಿಟ್ಟೋಗಬೇಡಿ ಅನ್ನಬೋದಿತ್ತು."

ಅವಳು ಬೈದಿದ್ದರೆ ತಿಪ್ಪೇಶನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ತಪ್ಪಿನಲ್ಲಿ ತನ್ನದೂ ಒಂದು ಪಾಲು ಎತ್ತಿಕೊಂಡು ಕೂತಳು. ಅದನ್ನು ಅವಳಿಂದ ವಾಪಸು ಇಸಿದುಕೊಳ್ಳುವ ದಾರಿ ಅವನಿಗೆ ಗೊತ್ತಿರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಬೆಟ್ಟಕ್ಕೆ ಹೊರಟ ಮೂರು ಜನ ಕಾಲೇಜು ಹುಡುಗಿಯರು ತಿಪ್ಪೇಶನ ಅಂಗಡಿಗೆ ಬಂದರು. ಫೋನಿಗೆ ಹೊಸ ಗಾಜು ಹಾಕಿಸಿಕೊಳ್ಳುತ್ತ, ಯಾವ ಹೆಡ್‌ಲ್ಯಾಂಪಿಗೆ ಬೆಳಕು ಜಾಸ್ತಿ ಎಂದು ತಮ್ಮತಮ್ಮಲ್ಲೇ ವಾದಿಸುತ್ತಿದ್ದರು. ತಿಪ್ಪೇಶ ಕೈಲಿದ್ದ ಕೆಲಸ ಬಿಟ್ಟು ತನ್ನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಹೇಳುವಾಗ ಎರಡು ಸಲ ಅತ್ತ. ಅವರು ಮರುಕದಿಂದ ಕೇಳಿದರು. "ಪಾಪ ಅಂಕಲ್" ಎಂದರು. ಒಬ್ಬಳು ಕಣ್ಣೊರೆಸಿಕೊಂಡಳು ಕೂಡ.

ಹೊರಗೆ ಹೋಗಿ ರಸ್ತೆ ದಾಟುವಾಗ ಅವಳೇ ಗೆಳತಿಯರಿಗೆ ಹೇಳುತ್ತಿದ್ದದ್ದು ಅವನಿಗೆ ಕೇಳಿಸಿತು. "ಅವರಿಗೆ ಯೂಸ್ ಮಾಡೋಕೆ ಗೊತ್ತಾಗಿಲ್ಲ ಕಣೇ, ಅಷ್ಟೆ. ನಮಗೆ ಗೊತ್ತಾಗುತ್ತೆ."

ತಿಪ್ಪೇಶ ಎದ್ದು ಬಾಗಿಲವರೆಗೆ ಹೋದ. ಅವರನ್ನು ಕೂಗಿ ಕರೆಯಬೇಕೆಂದು ಬಾಯಿ ತೆರೆದ. ಹೇಳಬೇಕಾದ್ದನ್ನೆಲ್ಲ ಆಗಲೇ ಹೇಳಿಯಾಗಿತ್ತು. ಅಲ್ಲೇ ನಿಂತ. ಅವರು ತಿರುವಿನಲ್ಲಿ ಮರೆಯಾದರು.

ನೀತಿ: ಕತ್ತಲಿನ ದಾರಿಗೆ ಹೊರಡುವವರು ಹಗುರವಾದ, ಸರಳವಾದ, ಕಣ್ಣು ಮುಚ್ಚಿಯೂ ಹತ್ತಿಸಬಲ್ಲ ದೀಪವನ್ನೇ ಆರಿಸಿಕೊಳ್ಳಬೇಕು, ಮತ್ತು ಒಬ್ಬೊಬ್ಬರೂ ತಮ್ಮದನ್ನು ತಾವೇ ಒಯ್ಯಬೇಕು. ಆಪತ್ತಿನಲ್ಲಿ ಕೈಗೆ ದಕ್ಕದ ಬೆಳಕು ಎಷ್ಟು ದೊಡ್ಡದಾದರೂ ಕತ್ತಲೆಯೇ. ನಮ್ಮ ದೊಡ್ಡಸ್ತಿಕೆಗಾಗಿ ಇನ್ನೊಬ್ಬರ ಕೈಯಲ್ಲಿರುವ ಸಣ್ಣ ದೀಪವನ್ನು ಎಂದೂ ಕೆಳಗಿಡಿಸಬಾರದು.